ಘಂಟೆಗೆ ಬಂದ ಸೂತಕ

ಝೇವಿಯರ್ ಕ್ರಾಸ್ತರಿಗೆ ಶುಗರ್ ಇಲ್ಲ, ಬಿಪಿ ಇಲ್ಲ, ಕುಡಿತದ ಅಭ್ಯಾಸವೂ ಇಲ್ಲ. ಇದ್ದದ್ದು ಒಂದೇ ಕಾಯಿಲೆ, ವಿವರಿಸುವುದು. ಯಾವುದಾದರೂ ಯಂತ್ರವನ್ನು ತೋರಿಸಿ "ಇದು ಹೇಗೆ ಕೆಲಸ ಮಾಡ್ತದೆ?" ಎಂದು ಅವರಲ್ಲಿ ಕೇಳಿ ಬಸ್ಸು ತಪ್ಪಿಸಿಕೊಂಡವರು ಕುಂಟಪದವಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮಗಳು ರೀನಾಳ ಮದುವೆಯ ದಿನ ಬೆಳಿಗ್ಗೆ, ಹೊಸ ಕೋಟು ತೊಟ್ಟು, ಕತ್ತು ಹಿಸುಕುವ ಟೈ ಕಟ್ಟಿ, ಅವರು ಇಗರ್ಜಿಯ ಪಕ್ಕದ ಕೋಣೆಯಲ್ಲಿ ಘಂಟೆಯ ಗುಂಡಿಯ ಮುಂದೆ ನಿಂತಿದ್ದರು. ನೆರೆಮನೆಯ ಹರಿನಾರಾಯಣ ಮಾಸ್ಟ್ರು ಒಳಗೆ ಬಂದು, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ 'ಪೊರ್ಬುಗಳೇ' ಎಂದು ಕರೆದು, ಅದೇ ಪ್ರಶ್ನೆ ಕೇಳಿಬಿಟ್ಟರು.

"ಅಲ್ಲ ಪೊರ್ಬುಗಳೇ, ಗುಂಡಿ ಇರುವುದು ಒಂದೇ. ಘಂಟೆ ಮೂರು ನಮೂನೆ ಬಡೀತದೆ ಅಂತೀರಿ. ಅದಕ್ಕೆ ಹೇಗೆ ಗೊತ್ತಾಗುವುದು?"

ಮಾಸ್ಟ್ರು ಪಾಪ, ಬೇರೆ ಮಾತಿಲ್ಲದೆ ಕೇಳಿದ್ದು. ಮದುವೆಗೆ ಬಂದವರು ಹುಡುಗಿಯ ತಂದೆಯ ಹತ್ತಿರ ಏನಾದರೂ ಮಾತಾಡಬೇಕಲ್ಲ. ಆದರೆ ಝೇವಿಯರ್ ಅವರ ಮುಖ ಅರಳಿತು. ಗಲ್ಫಿನಲ್ಲಿ ಬಾಟಲಿಗೆ ಜ್ಯೂಸ್ ತುಂಬಿಸುವ ಕಾರ್ಖಾನೆಯಲ್ಲಿ ಅವರು ಇಡೀ ಪ್ರಾಯ ಕಳೆದದ್ದೇ ಟೈಮರುಗಳ ಜೊತೆಗೆ. ಬಾಟಲಿ ಸಾಗುವ ಯಾವ ಪಟ್ಟಿ ಎಷ್ಟು ಹೊತ್ತು ಓಡಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವುದು ನಿಂತ ಮೇಲೆ ಯಾವುದು ಶುರುವಾಗಬೇಕು ಎಂಬುದನ್ನೆಲ್ಲ ಹೇಳಿಕೊಡುವ ಕೆಲಸ. ಊರಿಗೆ ಬಂದು ನೋಡಿದರೆ ಇಗರ್ಜಿಯ ಘಂಟೆ ಇನ್ನೂ ಹಗ್ಗದಲ್ಲಿ ನೇತಾಡುತ್ತಿತ್ತು, ಎಳೆಯುವವರು ಯಾರೂ ಇರಲಿಲ್ಲ. ಅವರು ಹಗ್ಗ ಬಿಚ್ಚಿಸಿ, ನಾಲಗೆ ಕಳಚಿ, ಘಂಟೆಯನ್ನು ಗೋಪುರಕ್ಕೆ ಬಿಗಿದು, ಮೋಟರಿನ ಸುತ್ತಿಗೆ ಇಟ್ಟರು. ಕೆಳಗೆ ಒಂದು ಗುಂಡಿ, ಮೇಲೆ ಒಂದು ಗಡಿಯಾರದ ಪೆಟ್ಟಿಗೆ. ಉದ್ಘಾಟನೆಯ ದಿನ ಊರವರೆಲ್ಲರ ಎದುರು, "ಮನುಷ್ಯ ತಪ್ಪಿಯಾನು, ಇದು ತಪ್ಪುವುದಿಲ್ಲ" ಎಂದು ಮೈಕಿನಲ್ಲಿ ಹೇಳಿ ಚಪ್ಪಾಳೆಯನ್ನೂ ಹೊಡೆಸಿಕೊಂಡಿದ್ದರು.

"ಬಹಳ ಸಿಂಪಲ್ ಮಾಸ್ಟ್ರೇ," ಎಂದು ಅವರು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟರು. "ಒತ್ತುವ ಹೊತ್ತನ್ನು ನೋಡಿ ಅದು ತಿಳ್ಕೊಳ್ತದೆ. ಒಮ್ಮೆ ಒತ್ತಿ ಬಿಟ್ಟರೆ ಪ್ರಾರ್ಥನೆಯ ಘಂಟೆ. ಟಕ್ ಟಕ್ ಅಂತ ಎರಡು ಸಲ ಒತ್ತಿದರೆ ಮದುವೆ, ಹಬ್ಬ. ಇನ್ನು ಮರಣದ್ದು. ಅದು ಮಾತ್ರ ಯಾರ ಕೈಯಿಂದಲೂ ತಪ್ಪಿ ಹೊಡೀಬಾರ್ದು ನೋಡಿ. ಅದಕ್ಕೆ ನಾನು ಎಂತ ಮಾಡಿದೆ? ಗುಂಡಿಯನ್ನು ಹೀಗೆ ಒತ್ತಿ ಹಿಡೀಬೇಕು. ಬಿಡ್ಲಿಕ್ಕಿಲ್ಲ. ಬೇಕಂತಲೇ ಇಷ್ಟು ಹೊತ್ತು ಹಿಡಿದರೆ ಮಾತ್ರ..."

ಮೇಲೆ ಗೋಪುರದಲ್ಲಿ ಢಣ್ ಎಂದಿತು.

ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ಢಣ್. ನಡುವೆ ಒಂದು ಜಪ ಹೇಳಿ ಮುಗಿಸುವಷ್ಟು ಬಿಡುವು. ಮಾಸ್ಟ್ರು ತಲೆ ಎತ್ತಿ ಛಾವಣಿಯನ್ನು ನೋಡಿದರು.

"ಇದು ಮದುವೆಯದ್ದಾ? ಸ್ವಲ್ಪ ನಿಧಾನ ಉಂಟಲ್ಲ."

ಝೇವಿಯರ್ ಬೆಂಕಿ ಮುಟ್ಟಿದವರಂತೆ ಕೈ ಹಿಂದೆಳೆದುಕೊಂಡರು. ಮುಖದ ಬಣ್ಣ ಹೋಯಿತು. "ಅಯ್ಯೋ ದೇವರೇ, ಮರಣದ್ದು!"

"ನಿಲ್ಲಿಸಿ ಮಾರಾಯ್ರೆ!"

"ನಿಲ್ಲುವುದಿಲ್ಲ."

"ಯಾಕೆ?"

"ನಿಲ್ಲದ ಹಾಗೆ ನಾನೇ ಮಾಡಿದ್ದು. ಸತ್ತವರ ಘಂಟೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಅದು ಅವರಿಗೆ ಮರ್ಯಾದೆ ಅಲ್ಲವಲ್ಲ, ಹಾಗಾಗಿ ಒಮ್ಮೆ ಶುರುವಾದರೆ..." ಎಂದು ಅವರು ಮತ್ತೆ ವಿವರಿಸಲು ಹೊರಟದ್ದನ್ನು ಮಾಸ್ಟ್ರು ಕೈ ಮುಗಿದು ತಡೆದರು.

ಇಬ್ಬರೂ ಕಂಬದ ಹಾಗೆ ನಿಂತು ಸಾವಿನ ಘಂಟೆಯನ್ನು ಕೊನೆಯ ಪೆಟ್ಟಿನವರೆಗೂ ಕೇಳಿದರು. ಝೇವಿಯರ್ ಈ ಮದುವೆಯಲ್ಲಿ ಆಸೆಪಟ್ಟದ್ದು ಒಂದನ್ನೇ. ಊಟಕ್ಕೆ ಹಂದಿ ಎಷ್ಟು, ಕೋಳಿ ಎಷ್ಟು ಎಂಬುದರಲ್ಲಿ ಅವರು ಬಾಯಿ ಹಾಕಿರಲಿಲ್ಲ. ಮೇಲೆ ತಾನು ಮಾಡಿದ ಘಂಟೆ ಗಲಗಲ ಎನ್ನುತ್ತಿರಬೇಕು, ಕೆಳಗೆ ತಾನು ರೀನಾಳ ಕೈ ಹಿಡಿದು ಬಾಗಿಲಿನಿಂದ ಪೀಠದವರೆಗೆ ನಡೆಯಬೇಕು. ಅವಳು ನಡೆಯಲು ಕಲಿಯುವಾಗ ಅವರು ಗಲ್ಫಿನಲ್ಲಿದ್ದರು. ಅವಳ ಕೈ ಹಿಡಿದು ನಡೆಸುವ ಒಂದು ಅವಕಾಶ ಇಷ್ಟು ವರ್ಷದ ಮೇಲೆ ಇವತ್ತು ಬಂದಿತ್ತು.

ಕೊನೆಯ ಪೆಟ್ಟು ಅಡಗಿದ ಕೂಡಲೇ ಅವರು ಟಕ್ ಟಕ್ ಎಂದು ಎರಡು ಸಲ ಒತ್ತಿದರು. ಘಂಟೆ ಸದ್ದು ಮಾಡಲಿಲ್ಲ. ಗುಂಡಿಯ ಪಕ್ಕದಲ್ಲಿ ಒಂದು ಕೆಂಪು ದೀಪ ಹೊತ್ತಿಕೊಂಡಿತು.

"ಈಗ ಇದೆಂತ?" ಎಂದರು ಮಾಸ್ಟ್ರು.

ಝೇವಿಯರ್ ಹಣೆಗೆ ಕೈ ಹೊಡೆದುಕೊಂಡರು. "ಹೋದ ವರ್ಷ ಒಬ್ಬರ ಮಣ್ಣಾದ ದಿನವೇ ಯಾರೋ ಹಬ್ಬದ ಘಂಟೆ ಒತ್ತಿ ದೊಡ್ಡ ಜಗಳ ಆಯ್ತು. ಫಾದರ್ ಹೇಳಿದ್ರು, ಮರಣದ ಘಂಟೆ ಹೊಡೆದ ಮೇಲೆ ಒಂದು ದಿನ ಹಬ್ಬದ್ದು ಹೊಡೀಬಾರ್ದು ಅಂತ. ನಾನು ಸೇರಿಸಿದೆ. ಒಂದು ದಿನ ಪೂರ್ತಿ ಕಳೀದೆ ಇನ್ನು ಅದು ಬಾಯಿ ಬಿಡುವುದಿಲ್ಲ."

"ಅಂದರೆ ಮಿಷಿನಿಗೂ ಸೂತಕ!"

"ಸೂತಕ ಅಲ್ಲ ಮಾಸ್ಟ್ರೇ. ಟೈಮರ್."

"ನಮ್ಮದ್ದೂ ಟೈಮರೇ ಅಲ್ವಾ? ಹತ್ತು ದಿನದ್ದು. ನಿಮ್ಮದ್ದು ಒಂದೇ ದಿನಕ್ಕೆ ಮುಗೀತದೆ, ಪುಣ್ಯವಂತರು."

ಹೊರಗೆ ಅಂಗಳದಲ್ಲಿ ಆಗಲೇ ಸೂತಕ ಶುರುವಾಗಿತ್ತು. ಮದುವೆಗೆ ಬಂದವರೆಲ್ಲ ತಲೆ ಮೇಲಿನ ಬಣ್ಣದ ಕೊಡೆ ಮಡಚಿ, ದನಿ ತಗ್ಗಿಸಿ, "ಯಾರಂತೆ? ಯಾರಂತೆ?" ಎಂದು ಕೇಳಿಕೊಳ್ಳುತ್ತಿದ್ದರು. ವಾರ್ಡ್ ಮೆಂಬರ್ ಲೋಲಾಕ್ಷಿ ಗಡಿಯಾಚೆಗೆ ಕೇರಳಕ್ಕೆ ಸೇರಿದ ಈ ಊರಿನ ಪಂಚಾಯತಿನಲ್ಲಿ ಕೇರಳ ಪಿರವಿಯ, ಅಂದರೆ ರಾಜ್ಯೋತ್ಸವದ, ಕಾರ್ಯಕ್ರಮ ಮುಗಿಸಿ, ಬಂಗಾರದ ಅಂಚಿನ ಬಿಳಿ ಸೀರೆಯಲ್ಲೇ ಮದುವೆಗೆ ಬಂದವಳು, ಝೇವಿಯರ್ ಅವರನ್ನು ಕಂಡದ್ದೇ ಫೋನು ಹಿಡಿದುಕೊಂಡು ಓಡಿ ಬಂದಳು. ಅದರಲ್ಲಿ ಎರಡು ದೀಪ, ನಡುವೆ ಒಂದು ಖಾಲಿ ಚೌಕ, ಕೆಳಗೆ ದಪ್ಪ ಅಕ್ಷರದಲ್ಲಿ 'ಆದರಾಂಜಲಿಗಳು'.

"ಯಾರು ಹೋದದ್ದು ಪೊರ್ಬುಗಳೇ? ನನ್ನದ್ದು ಎಲ್ಲ ರೆಡಿ ಉಂಟು. ಫೋಟೋ ಒಂದು ಹಾಕಿದರೆ ಆಯ್ತು."

"ನನಗೆ... ಗೊತ್ತಿಲ್ಲ," ಎಂದರು ಝೇವಿಯರ್. ಅದು ನಿಜವೇ ಆಗಿತ್ತು.

"ಇನ್ಯಾರು, ಬೊನಾ ಬಾಪ್ಪುವೇ ಇರಬೇಕು," ಎಂದು ಗುಂಪಿನಿಂದ ಯಾರೋ ತೀರ್ಪು ಕೊಟ್ಟರು. ಬೊನಾ ಬಾಪ್ಪು ಊರಿಗೇ ಹಿರಿಯ, ಎಲ್ಲರಿಗೂ ಬಾಪ್ಪು, ಅಂದರೆ ಚಿಕ್ಕಪ್ಪ. ಪ್ರತಿ ಮಳೆಗಾಲಕ್ಕೂ ಈ ಸಲ ಹೋಗ್ತಾರೆ ಎಂದು ಊರವರು ಅಂದುಕೊಳ್ಳುವುದು, ಅವರು ಹೋಗದೆ ಇರುವುದು ವಾಡಿಕೆಯಾಗಿತ್ತು. "ನಿನ್ನೆ ರೋಸಿಗೆ ಬರಲಿಲ್ಲ, ಮೈಯಲ್ಲಿ ಹುಷಾರಿಲ್ಲ ಅಂದಿದ್ರು," ಎಂದು ಇನ್ನೊಬ್ಬರು ಸಾಕ್ಷಿ ಹೇಳಿದರು. ನಿನ್ನೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸಿನ ಶಾಸ್ತ್ರಕ್ಕೆ ಬಾರದವರು ಇವತ್ತು ಸತ್ತಿರಲೇಬೇಕು ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆ? ಲೋಲಾಕ್ಷಿ ಗೇಟಿನ ಮದುವೆ ಅಲಂಕಾರದಿಂದ ಒಂದು ದೊಡ್ಡ ಹೂವಿನ ಚಕ್ರವನ್ನು ಬಿಚ್ಚಿ ರಿಕ್ಷಾದಲ್ಲಿಟ್ಟಳು. ಅವಳ ಹಿಂದೆ ಅರ್ಧ ಮದುವೆ ಹೊರಟಿತು.

"ಹೇಳಿಬಿಡಿ ಪೊರ್ಬುಗಳೇ, ಕೈ ತಪ್ಪಿ ಆಯ್ತು ಅಂತ," ಎಂದು ಮಾಸ್ಟ್ರು ಪಿಸುಗುಟ್ಟಿದರು.

"ಹೇಗೆ ಹೇಳುವುದು ಮಾಸ್ಟ್ರೇ? ಅಪ್ಪನೇ ಮಗಳ ಮದುವೆಗೆ ಸಾವಿನ ಘಂಟೆ ಹೊಡೆದ ಅಂತ ನಾಳೆ ಮಂಗಳೂರಿನವರೆಗೂ ಹೇಳ್ತಾರೆ. ಹುಡುಗನ ಕಡೆಯವರು ಇನ್ನೂ ಬರಲಿಲ್ಲ, ಪುಣ್ಯ."

ಹುಡುಗನ ಕಡೆಯವರು ಬಂದಾಗಿತ್ತು. ಘಂಟೆಯ ನಡುವಿನಲ್ಲೇ ಅವರ ಬಸ್ಸು ಗೇಟಿನ ಹೊರಗೆ ಹಲಸಿನ ಮರದ ನೆರಳಿಗೆ ಬಂದು ನಿಂತಿತ್ತು. ಬಾಗಿಲು ತೆರೆದಿತ್ತು, ಆದರೆ ಒಬ್ಬರೂ ಕೆಳಗಿಳಿದಿರಲಿಲ್ಲ. ಮಾಸ್ಟ್ರು ತಾನೇ ಹೋಗಿ ನೋಡಿಕೊಂಡು ಬರುತ್ತೇನೆಂದು ಹೊರಟರು. ತಿರುಗಿ ಬಂದಾಗ ಅವರ ಮುಖವೂ ಸಣ್ಣದಾಗಿತ್ತು.

"ಕಷ್ಟ ಉಂಟು ಪೊರ್ಬುಗಳೇ. ಹುಡುಗನ ಅಜ್ಜಿ, ಉರ್ಸುಲಾಮ್ಮ ಅಂತೆ, ಎದುರಿನ ಸೀಟಿನಲ್ಲಿ ಕೂತುಬಿಟ್ಟಿದ್ದಾರೆ. ಅವರು ಇಳೀದೆ ಬೇರೆ ಯಾರೂ ಇಳೀಲಿಕ್ಕಿಲ್ಲ ಅಂತೆ, ಹಿರಿಯರಲ್ವಾ. ನಿಮ್ಮ ಕಡೆಯ ಹೆಂಗಸರು ಹೋಗಿ ಕೈ ಮುಗಿದ್ರು, ಹೂ ಕೊಟ್ರು. ಅವರು ಮುಖ ಕಿಟಕಿಯ ಕಡೆ ತಿರುಗಿಸಿದ್ರು. ಘಂಟೆ ಕೇಳಿ ಮನಸ್ಸು ಕೆಟ್ಟಿದೆ."

"ಹಾಗಂತ ಅವರು ಹೇಳಿದ್ರಾ?"

"ಹೇಳ್ಬೇಕಾ? ಮುಖ ನೋಡಿದರೆ ಸಾಲದಾ?"

ಝೇವಿಯರ್ ಅವರಿಗೆ ಆ ಮುಖ ಚೆನ್ನಾಗಿ ಗೊತ್ತಿತ್ತು. ನಿಶ್ಚಿತಾರ್ಥದ ದಿನ ಕಾಫಿ ಲೋಟದ ಅಡಿಯಲ್ಲಿ ತಟ್ಟೆ ಇರಲಿಲ್ಲವೆಂದು ಉರ್ಸುಲಾಮ್ಮ ಕಾಫಿಯನ್ನೇ ಮುಟ್ಟಿರಲಿಲ್ಲ. ಅಂಥವರ ಕಿವಿಗೆ ಸಾವಿನ ಘಂಟೆ! ಬಿಳಿ ನೆರಿಗೆಯ ಉಡುಪಿನಲ್ಲಿ ಕಾರಿನೊಳಗೆ ಬೆವರುತ್ತ ಕಾಯುತ್ತಿರುವ ರೀನಾ ಕಣ್ಣ ಮುಂದೆ ಬಂದಳು. ಈ ಮುದುಕಿ ಬಸ್ಸಿನಿಂದ ಇಳಿಯದಿದ್ದರೆ ಮದುವೆಯೇ ಇಲ್ಲ ಎಂದು ಅವರಿಗೆ ಗಟ್ಟಿಯಾಯಿತು.

ಅಷ್ಟರಲ್ಲಿ ರಿಕ್ಷಾ ತಿರುಗಿ ಬಂತು. ಅದರಿಂದ ಮೊದಲು ಇಳಿದದ್ದು ಒಂದು ಊರುಗೋಲು, ಆಮೇಲೆ ಹೂವಿನ ಚಕ್ರ, ಆಮೇಲೆ ಸಾಕ್ಷಾತ್ ಬೊನಾ ಬಾಪ್ಪು.

"ಝೇವಿಯರಾ! ಎಲ್ಲಿದ್ದೀಯಾ ನೀನು? ನನಗೆ ಘಂಟೆ ಹೊಡೆಸಿದವ ಯಾರು?"

"ಬಾಪ್ಪು, ಅದು ನಿಮಗಲ್ಲ..."

"ಗಂಜಿಗೆ ಕೈ ಹಾಕಿದ್ದೆ ಮಾರಾಯ. ನೋಡಿದರೆ ಬಾಗಿಲಲ್ಲಿ ಇಷ್ಟು ಜನ ತಲೆ ಬಗ್ಗಿಸಿ ನಿಂತಿದ್ದಾರೆ. ಈ ಮೆಂಬರು ಹೂವಿನ ಚಕ್ರ ತಂದು ನನ್ನ ಕಾಲಬುಡದಲ್ಲಿ ಇಟ್ಟಳು. ಒಂದು ನಿಮಿಷ ಮೌನ ಅಂತ ಹೇಳಿದಳು. ದೊಡ್ಡ ಮನುಷ್ಯರು ಯಾರೋ ಹೋಗಿರಬೇಕು ಅಂತ ನಾನೂ ಎದ್ದು ನಿಂತೆ. ಮೌನ ಮುಗಿದ ಮೇಲೆ ಯಾರಿಗೆ ಅಂತ ಕೇಳಿದರೆ, ನನಗೇ ಅಂತೆ!"

ಲೋಲಾಕ್ಷಿ ಸೀರೆಯ ಸೆರಗು ಸರಿಮಾಡಿಕೊಂಡಳು. "ಬಾಗಿಲಲ್ಲಿ ಕತ್ತಲೆ ಇತ್ತು, ಯಾರು ಕೂತದ್ದು ಅಂತ ಸರಿ ಕಾಣಲಿಲ್ಲ," ಎಂದಳು. "ಮತ್ತೆ ಇವರಲ್ಲದಿದ್ದರೆ ಯಾರು? ಗ್ರೂಪಿನಲ್ಲಿ ಎಲ್ಲರೂ ಕೇಳ್ತಾ ಇದ್ದಾರೆ."

ಪ್ರಶ್ನೆ ಮೊದಲಿಗಿಂತ ದೊಡ್ಡದಾಯಿತು. ಬೊನಾ ಬಾಪ್ಪು ಸತ್ತಿದ್ದರೆ ಕಾರಣಕ್ಕೊಂದು ಹೆಣವಾದರೂ ಇರುತ್ತಿತ್ತು. ಈಗ ಹೆಣವಿಲ್ಲದ ಸಾವು. ಜನರು ತಮ್ಮ ತಮ್ಮ ಮನೆಗೆ ಫೋನು ಹಚ್ಚಿ, ಎಲ್ಲರೂ ಇದ್ದೀರಾ ಎಂದು ಕೇಳತೊಡಗಿದರು.

ಝೇವಿಯರ್ ಮಾಸ್ಟ್ರನ್ನು ತೋಳು ಹಿಡಿದು ಗೋಡೆಯ ಮರೆಗೆ ಎಳೆದರು. "ಮಾಸ್ಟ್ರೇ, ಒಂದು ದಾರಿ ಉಂಟು. ಮಿಷಿನಿಗೆ ಒಂದು ದಿನ ಕಳೆಯಬೇಕು, ಅಷ್ಟೇ ಅಲ್ವಾ? ಅದಕ್ಕೆ ಸೂರ್ಯ ಹುಟ್ಟಿದ್ದು ಮುಳುಗಿದ್ದು ಎಂತ ಗೊತ್ತುಂಟು? ಗೋಪುರದ ಗಡಿಯಾರ ಹೇಳಿದ್ದೇ ಅದಕ್ಕೆ ದಿನ. ನಾನು ಮೇಲೆ ಹೋಗಿ ಗಡಿಯಾರವನ್ನು ಒಂದು ದಿನ ಮುಂದೆ ಇಟ್ಟರೆ ಅದರ ಸೂತಕ ಈ ಕ್ಷಣ ಮುಗೀತದೆ. ಹಬ್ಬದ ಘಂಟೆ ಹೊಡೆಸಿಬಿಡುವ. ಮೊದಲಿನದ್ದು ಸುಮ್ಮನೆ ಟೆಸ್ಟಿಂಗ್ ಅಂತ ಹೇಳಿದರಾಯ್ತು."

"ನಮ್ಮಲ್ಲಿ ಯಾರಿಗೂ ಈ ಬುದ್ಧಿ ಹೊಳೀಲಿಲ್ಲ ನೋಡಿ," ಎಂದು ಮಾಸ್ಟ್ರು ನಿಜವಾಗಿ ಮೆಚ್ಚಿಕೊಂಡರು. "ಕ್ಯಾಲೆಂಡರಿನ ಹತ್ತು ಹಾಳೆ ಒಟ್ಟಿಗೆ ಹರಿದಿದ್ದರೆ ಆಗ್ತಿತ್ತು."

ಗೋಪುರದ ಏಣಿ ಕಡಿದಾದದ್ದು, ಪಾರಿವಾಳಗಳ ರಾಜ್ಯ. ಹೊಸ ಕೋಟಿನ ಹೆಗಲ ಮೇಲೆ ಅವು ತಮ್ಮ ಪಾಲಿನ ಆಶೀರ್ವಾದ ಮಾಡಿದವು. ಮಂಡಿಯ ಹತ್ತಿರ ಪ್ಯಾಂಟು ಪರ್ರೆಂದಿತು. ಝೇವಿಯರ್ ಅದನ್ನೆಲ್ಲ ಲೆಕ್ಕಿಸದೆ ಏದುಸಿರು ಬಿಡುತ್ತ ಮೇಲೆ ಹತ್ತಿ, ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತು, ತಾರೀಕಿನ ಗುಂಡಿಯನ್ನು ಒತ್ತಿದರು. ಒಂದು ಹೋಗಿ ಎರಡು ಬಂತು. ಇವತ್ತು ನಾಳೆಯಾಯಿತು. ಪೆಟ್ಟಿಗೆಯ ಮೇಲೂ ಇದ್ದ ಕೆಂಪು ದೀಪ ಆರಿ ಹಸಿರು ಹೊತ್ತಿದಾಗ ಅವರಿಗೆ ಕಣ್ಣಲ್ಲಿ ನೀರು ಬಂತು. ಯಂತ್ರದ ಹಣೆಯನ್ನು ಮೆಲ್ಲಗೆ ತಟ್ಟಿ, "ಭೇಷ್ ಮಗನೇ" ಎಂದರು.

ಕೆಳಗಿಳಿದವರೇ ಗುಂಡಿಯನ್ನು ಟಕ್ ಟಕ್ ಎಂದು ಒತ್ತಿ, ಹೆಬ್ಬೆರಳನ್ನು ಕೋಟಿನ ಜೇಬಿನಲ್ಲಿ ಅಡಗಿಸಿಕೊಂಡರು. ಘಂಟೆ ಗಲಗಲ ಗಲಗಲ ಎಂದು ನಗತೊಡಗಿತು. ಅಂಗಳದಲ್ಲಿ ಕೊಡೆಗಳು ಮತ್ತೆ ಬಿಚ್ಚಿಕೊಂಡವು. "ಟೆಸ್ಟಿಂಗ್ ಅಂತೆ, ಟೆಸ್ಟಿಂಗ್!" ಎಂಬ ಸುದ್ದಿ ಹಬ್ಬಿತು. ಬ್ಯಾಂಡಿನವರು ತುತ್ತೂರಿ ಎತ್ತಿದರು. ಬೊನಾ ಬಾಪ್ಪು ತನ್ನ ಹೂವಿನ ಚಕ್ರವನ್ನು ತಾನೇ ಗೇಟಿಗೆ ಸಿಕ್ಕಿಸಿ, "ಸತ್ತದ್ದು ಹೇಗೂ ಆಯ್ತು, ಉಂಡೇ ಹೋಗ್ತೇನೆ," ಎಂದು ಕುರ್ಚಿ ಹುಡುಕಿದರು.

ಝೇವಿಯರ್ ಓಡುತ್ತ ಬಸ್ಸಿನ ಹತ್ತಿರ ಹೋದರು. ಉರ್ಸುಲಾಮ್ಮ ಇನ್ನೂ ಹಾಗೆಯೇ ಕೂತಿದ್ದರು, ರೇಷ್ಮೆ ಸೀರೆ, ತಲೆಯ ಮೇಲೆ ಸೆರಗು, ಮಡಿಲಲ್ಲಿ ಕೈಚೀಲ. ಝೇವಿಯರ್ ಮೆಟ್ಟಿಲ ಬಳಿ ನಿಂತು ಕೈ ಮುಗಿದರು.

"ಮಾಂಯ್, ತಪ್ಪಾಯ್ತು. ಆ ಘಂಟೆ ಇತ್ತಲ್ಲ, ಅದು ನಿಜಕ್ಕೂ..."

ಮುದುಕಿ ಮೆಲ್ಲನೆ ತಿರುಗಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈಗ ಬಂದಿಯಾ ಪುತಾ?" ಎಂದರು, ಹಿಂದಿನ ಸೀಟಿನವರೆಗೂ ಕೇಳುವಷ್ಟು ಗಟ್ಟಿಯಾಗಿ. "ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ? ನಮ್ಮ ಕಾಲದಲ್ಲಿ ಹುಡುಗಿಯ ಅಪ್ಪ ಬಂದು ಕೈ ಹಿಡಿದು ಇಳಿಸದೆ ಹುಡುಗನ ಕಡೆಯ ಹಿರಿಯರು ಕಾಲು ಕೆಳಗೆ ಇಡ್ತಿರಲಿಲ್ಲ. ಯಾರ್ಯಾರನ್ನೋ ಕಳಿಸಿದೆ, ನಿನ್ನ ಮುಖ ಮಾತ್ರ ಇಲ್ಲ. ಸೆಕೆಯಲ್ಲಿ ಬೆಂದು ಹೋದೆ."

"ಮತ್ತೆ... ಘಂಟೆ?"

"ಎಂತ ಹೇಳ್ತಾನೆ ಇವ?" ಎಂದು ಮುದುಕಿ ಹಿಂದೆ ಕೂತಿದ್ದ ಮಗಳನ್ನು ಕೇಳಿದರು.

ಮಗಳು ನಕ್ಕಳು. "ಅಮ್ಮನಿಗೆ ಯಾವ ಘಂಟೆಯೂ ಕೇಳಿರಲಿಕ್ಕಿಲ್ಲ. ಬಸ್ಸಿನ ಹಾರನ್ ಕಿವಿಗೆ ಕೊರೀತದೆ ಅಂತ ಮಂಗಳೂರಿನಲ್ಲೇ ಕಿವಿಯ ಮಿಷಿನ್ ತೆಗೆದು ಚೀಲದಲ್ಲಿ ಇಟ್ಟಿದ್ದಾರೆ. ನಮಗೆ ಕೇಳಿಸಿತು, ಊರಿನ ಯಾರದ್ದೋ ಅಂದುಕೊಂಡೆವು. ಸಾವು ಎಲ್ಲಿ ಇಲ್ಲ?"

ಝೇವಿಯರ್ ಅವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೋಪುರ ಹತ್ತಿದ್ದು, ಕೋಟು ಕೆಡಿಸಿಕೊಂಡದ್ದು, ನಾಳೆಯನ್ನು ಎಳೆದು ತಂದದ್ದು, ಯಾವುದೂ ಬೇಕಾಗಿರಲಿಲ್ಲ. ಆರಂಭದಲ್ಲೇ ಇಲ್ಲಿಗೆ ಬಂದು ಕೈ ನೀಡಿದ್ದರೆ ಮುಗಿಯುತ್ತಿತ್ತು. ಹೋಗಲಿ, ಕೊನೆಗೂ ಆಯಿತಲ್ಲ ಎಂದು ಅವರು ದೊಡ್ಡ ನಿಟ್ಟುಸಿರು ಬಿಟ್ಟು ಕೈ ಚಾಚಿದರು. ಉರ್ಸುಲಾಮ್ಮ ಆ ಕೈ ಹಿಡಿದು ರಾಣಿಯ ಹಾಗೆ ಇಳಿದರು. ಅವರ ಹಿಂದೆ ಇಡೀ ಬಸ್ಸು ಇಳಿಯಿತು. ಮದುಮಗ ಅಲ್ರಾಯ್ ಬಸ್ಸಿನ ಹಿಂದಿದ್ದ ತನ್ನ ಕಾರಿನಿಂದ ಹೊರಗೆ ಬಂದು ಕರವಸ್ತ್ರದಿಂದ ಮುಖ ಒರೆಸಿಕೊಂಡ.

ಇಗರ್ಜಿಯ ಮೆಟ್ಟಿಲ ಬುಡದಲ್ಲಿ ಉರ್ಸುಲಾಮ್ಮ ನಿಂತರು. "ತಡಿ ಪುತಾ. ಪೂಜೆ ಕೇಳಬೇಕಲ್ಲ," ಎಂದು ಕೈಚೀಲದಿಂದ ಕಿವಿಯ ಯಂತ್ರ ತೆಗೆದು, ಸೆರಗಿನ ಒಳಗೆ ಕೈ ಹಾಕಿ ಸಿಕ್ಕಿಸಿಕೊಂಡರು. ಅದು ಕುಂಯ್ ಎಂದು ಎಚ್ಚರವಾಯಿತು.

ಮೇಲೆ ಗೋಪುರದಲ್ಲಿ ಢಣ್ ಎಂದಿತು.

ಝೇವಿಯರ್ ಅಲ್ಲೇ ಕಲ್ಲಾದರು. ಒಂದು ಜಪದಷ್ಟು ಹೊತ್ತು ಬಿಟ್ಟು ಮತ್ತೊಂದು ಢಣ್. ಈ ಸಲ ಅವರು ಗುಂಡಿಯನ್ನು ಮುಟ್ಟಿರಲೇ ಇಲ್ಲ. ಯಾರೂ ಮುಟ್ಟಿರಲಿಲ್ಲ. ಬಾಗಿಲಲ್ಲಿ ಪೂಜೆಯ ಉಡುಪಿನಲ್ಲಿ ನಿಂತಿದ್ದ ಫಾದರ್ ಕೈಗಡಿಯಾರ ನೋಡಿದರು, ಗೋಪುರ ನೋಡಿದರು, ಆಮೇಲೆ ಝೇವಿಯರ್ ಅವರನ್ನು ನೋಡಿದರು.

"ಕ್ರಾಸ್ತರೇ, ಇದು ನಾಳೆಗೆ ಇಟ್ಟದ್ದಲ್ವಾ? ನವೆಂಬರ್ ಎರಡು, ತೀರಿಹೋದ ಎಲ್ಲ ಆತ್ಮಗಳ ದಿನ. ಬೆಳಿಗ್ಗೆ ಹತ್ತರಿಂದ ಸಂಜೆಯ ಪ್ರಾರ್ಥನೆಯವರೆಗೆ ಮರಣದ ಘಂಟೆ ಬಿಡದೆ ಹೊಡೀಬೇಕು ಅಂತ ನಾನೇ ಹೇಳಿದ್ದೆ. ನೀವೇ ಸೇರಿಸಿದ್ದು. ಇವತ್ತು ಯಾಕೆ ಹೊಡೀತಾ ಉಂಟು?"

ಝೇವಿಯರ್ ಬೆರಳು ಮಡಚಿ ತಾರೀಕು ಎಣಿಸಿದರು. ಮಗಳ ಮದುವೆಯ ಗಡಿಬಿಡಿಯಲ್ಲಿ ನಾಳೆ ಯಾವ ದಿನ ಎಂಬುದನ್ನು ಯಾರು ಯೋಚಿಸುತ್ತಾರೆ?

ಉರ್ಸುಲಾಮ್ಮ ಅವರ ಕೈ ಬಿಟ್ಟು ಶಿಲುಬೆಯ ಗುರುತು ಮಾಡಿಕೊಂಡರು. "ಪುತಾ, ಇದು ಸಾವಿನ ಘಂಟೆ ಅಲ್ವಾ? ಯಾರು ತೀರಿಕೊಂಡದ್ದು?"

"ಎಲ್ಲರೂ," ಎಂದರು ಝೇವಿಯರ್.

ಲೋಲಾಕ್ಷಿಯ ಕೈಯಿಂದ ಫೋನು ಜಾರಿತು. ಮಾಸ್ಟ್ರು ಮುಂದೆ ಬಂದು, ಅಮ್ಮಾ ಅದು ಹಾಗಲ್ಲ, ಗಡಿಯಾರ ಹೀಗೆ, ಸೂತಕ ಹೀಗೆ ಎಂದು ಎಲ್ಲವನ್ನೂ ಬಿಡಿಸಿ ಹೇಳಿದರು. ಉರ್ಸುಲಾಮ್ಮ ಕೊನೆಯವರೆಗೂ ಶಾಂತವಾಗಿ ಕೇಳಿಸಿಕೊಂಡರು. ನಂತರ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಯಂತ್ರದ ಕತೆ ನನಗೆ ಬೇಡ. ಈ ಘಂಟೆ ನಿಂತ ಮೇಲೆ ನನ್ನ ಮೊಮ್ಮಗನ ಮದುವೆ. ಅಲ್ಲಿಯವರೆಗೆ ನಾನು ಇಲ್ಲೇ."

"ಗಡಿಯಾರವನ್ನು ಹಿಂದಕ್ಕೆ ಇಡಿ ಕ್ರಾಸ್ತರೇ," ಎಂದರು ಫಾದರ್, ಹಲ್ಲು ಕಚ್ಚಿ.

"ಘಂಟೆ ಹೊಡೀತಾ ಇರುವಾಗ ಗಡಿಯಾರ ಮುಂದೆಯೂ ಹೋಗುವುದಿಲ್ಲ ಫಾದರ್, ಹಿಂದೆಯಂತೂ ಯಾವಾಗಲೂ ಇಲ್ಲ. ಹೋದರೆ ಹೊಡೆದ ಘಂಟೆ ಇನ್ನೊಮ್ಮೆ ಹೊಡೀತದೆ ಅಂತ ನಾನೇ..."

"ಆಫ್ ಮಾಡಿ."

"ಆಫ್ ಸ್ವಿಚ್ ಇಟ್ಟಿಲ್ಲ. ತಂತಿ ಎಲ್ಲ ಕಬ್ಬಿಣದ ಪೈಪಿನ ಒಳಗೆ. ಬ್ಯಾಟರಿಯ ಕಪಾಟಿನ ಬೀಗದ ಕೈ ಮನೆಯಲ್ಲಿ ಉಂಟು, ಎಲ್ಲಿ ಇಟ್ಟದ್ದು ಅಂತ ಹೆಂಡತಿಗೇ ಗೊತ್ತು, ಅವಳು..." ಅವಳು ಕಾರಿನ ಬಳಿ ಮಗಳ ಉಡುಪಿನ ಬಾಲ ಹಿಡಿದುಕೊಂಡು ಅಳುತ್ತಿದ್ದಳು, ಅವಳನ್ನು ಈಗ ಏನು ಕೇಳುವುದೂ ಅಪಾಯವಾಗಿತ್ತು.

"ಹಾಗಾದರೆ ಮೇಲೆ ಹೋಗಿ ಸುತ್ತಿಗೆಯನ್ನು ಹಿಡ್ಕೊಳ್ಳಿ!" ಎಂದರು ಫಾದರ್.

ಅಂತೂ ಝೇವಿಯರ್ ಮತ್ತೆ ಏಣಿ ಹತ್ತಿದರು. ಮೋಟರು ಸುತ್ತಿಗೆಯನ್ನು ಎತ್ತಿತು. ಅದು ಬೀಳುವ ಮೊದಲು ಅವರು ಅದನ್ನು ಎರಡೂ ತೋಳಿನಿಂದ ತಬ್ಬಿ ಎದೆಗೆ ಒತ್ತಿಕೊಂಡರು. ಸುತ್ತಿಗೆ ಹಟಮಾರಿ ಕರುವಿನ ಹಾಗೆ ಗುಮ್ಮಿತು, ಅವರು ಬಿಡಲಿಲ್ಲ. ಸದ್ದು ನಿಂತಿತು. ಒಂದು ಜಪದಷ್ಟು ಹೊತ್ತಿನ ಮೇಲೆ ಅದು ಮತ್ತೆ ಗುಮ್ಮಿತು. ಆ ನಡುವಿನ ಬಿಡುವಿನಲ್ಲಿ ಕೈ ಬಿಟ್ಟು ಏಣಿ ಇಳಿದು ಮತ್ತೆ ಹತ್ತಿ ಬರುವುದು ಕೋತಿಗೂ ಸಾಧ್ಯವಿರಲಿಲ್ಲ.

ಕೆಳಗಿನಿಂದ ಹಾಡು ಕೇಳಿಸಿತು. ಗೋಪುರದ ಸಂದಿಯಿಂದ ನೋಡಿದರೆ ಬಾಗಿಲ ಹತ್ತಿರ ಬಿಳಿ ಮುಸುಕು ಕಂಡಿತು. ರೀನಾ ಒಮ್ಮೆ ನಿಂತು, ಆಚೀಚೆ ತಿರುಗಿ, ಅಪ್ಪನನ್ನು ಹುಡುಕಿದಳು. ಝೇವಿಯರ್ ಅವರಿಗೆ ಕೂಗಿ ಕರೆಯಬೇಕೆನಿಸಿತು, ಅಷ್ಟರಲ್ಲಿ ಸುತ್ತಿಗೆ ಗುಮ್ಮಿತು. ಆಮೇಲೆ ಊರುಗೋಲು ಊರುತ್ತ ಬೊನಾ ಬಾಪ್ಪು ಬಂದು ಅವಳಿಗೆ ತೋಳು ಕೊಟ್ಟರು. ಮುಸುಕು ಒಳಗೆ ಹೋಗಿ ಕಣ್ಮರೆಯಾಯಿತು. ಝೇವಿಯರ್ ಸುತ್ತಿಗೆಯ ಮೇಲೆ ಕೆನ್ನೆ ಇಟ್ಟು ಚಿಕ್ಕ ಮಕ್ಕಳ ಹಾಗೆ ಅತ್ತರು. ಪಾರಿವಾಳಗಳು ಕತ್ತು ಓರೆ ಮಾಡಿ ನೋಡಿದವು.

ಎಷ್ಟು ಹೊತ್ತಾಯಿತೋ, ಕೆಳಗೆ ಚಪ್ಪಾಳೆ ಕೇಳಿತು. ಬ್ಯಾಂಡು ಬಾರಿಸಿತು. ಹಂದಿ ಮಾಂಸದ ಪರಿಮಳ ಗೋಪುರದವರೆಗೂ ಹತ್ತಿ ಬಂತು. ಏಣಿಯ ಬುಡದಲ್ಲಿ ಹರಿನಾರಾಯಣ ಮಾಸ್ಟ್ರ ದನಿ ಕೇಳಿಸಿತು.

"ಪೊರ್ಬುಗಳೇ, ಮದುವೆ ಬಹಳ ಚಂದ ಆಯ್ತು!"

"ಆಯ್ತಾ?" ಎಂದರು ಝೇವಿಯರ್, ಮೂಗು ಒರೆಸಲು ಕೈಯಿಲ್ಲದೆ. "ಉರ್ಸುಲಾಮ್ಮನಿಗೆ ಖುಷಿಯಾ?"

"ಘಂಟೆ ನಿಂತದ್ದಕ್ಕೆ ಖುಷಿ. ಆದರೆ ಈಗ ಮತ್ತೊಂದು ಉಂಟು. ಊಟದ ಚಪ್ಪರದ ಬಾಗಿಲಲ್ಲಿ ನಿಂತುಬಿಟ್ಟಿದ್ದಾರೆ. ಹುಡುಗಿಯ ಅಪ್ಪ ಬಂದು ಕೈ ಹಿಡಿದು ಕರೀದೆ ಅವರು ಊಟಕ್ಕೆ ಕೂರುವುದಿಲ್ಲ ಅಂತೆ. ಅವರು ಕೂರದೆ ಬಸ್ಸಿನವರು ಯಾರೂ ಕೂರುವುದಿಲ್ಲ. ಬೇಗ ಇಳೀರಿ."

"ಇಳಿದರೆ ಘಂಟೆ ಹೊಡೀತದೆ ಮಾಸ್ಟ್ರೇ!"

"ಅದನ್ನೂ ಹೇಳಿದೆ. ಘಂಟೆ ಹೊಡೆದರೆ ಹುಡುಗನನ್ನು ಕರ್ಕೊಂಡು ಬಸ್ಸು ಹತ್ತುತ್ತೇನೆ ಅಂದ್ರು."

ಸುತ್ತಿಗೆ ತನ್ನ ಹೊತ್ತಿಗೆ ಸರಿಯಾಗಿ ಗುಮ್ಮಿತು. ಝೇವಿಯರ್ ಹಲ್ಲು ಕಚ್ಚಿ ಹಿಡಿದುಕೊಂಡರು.

"ಬೇರೆ ಯಾರಾದರೂ ಬಂದು ಹಿಡೀಲಿಕ್ಕಾಗ್ತದಾ?"

"ಹುಡುಗರನ್ನೆಲ್ಲ ಕೇಳಿದೆ. ಎಲ್ಲ ಆತ್ಮಗಳ ಘಂಟೆಯನ್ನು ಹಿಡಿದು ನಿಲ್ಲಿಸಿದರೆ ರಾತ್ರಿ ಅವು ಬಂದು ಕೇಳ್ತವೆ ಅಂತ ಬೊನಾ ಬಾಪ್ಪು ಹೇಳಿಬಿಟ್ಟಿದ್ದಾರೆ. ಒಬ್ಬನೂ ಏಣಿ ಮುಟ್ಟುವುದಿಲ್ಲ. ನನಗೆ ಮೊಣಕಾಲು ಸರಿ ಇಲ್ಲ, ನಿಮಗೆ ಗೊತ್ತುಂಟಲ್ಲ."

ಝೇವಿಯರ್ ಲೆಕ್ಕ ಹಾಕಿದರು. ಇನ್ನು ಉಳಿದ ದಾರಿ ಒಂದೇ, ಸಂಜೆಯ ಪ್ರಾರ್ಥನೆಯವರೆಗೆ ಕಾಯುವುದು. ಆಗ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಅಲ್ಲಿಯವರೆಗೆ ಮುದುಕಿ ಹಸಿದು ನಿಂತಿರಬೇಕು, ತಾನು ಸುತ್ತಿಗೆ ಹಿಡಿದಿರಬೇಕು. ಕೊನೆಗೆ ಅವರು ಸೋತ ದನಿಯಲ್ಲಿ ಕೇಳಿದರು:

"ಮಾಸ್ಟ್ರೇ, ಈಗ ಸಮಯ ಎಷ್ಟಾಯ್ತು?"

ಮಾಸ್ಟ್ರು ಕೈಗಡಿಯಾರವನ್ನು ನೋಡಿದರು, ಗೋಪುರದ ಕಡೆ ನೋಡಿದರು, ತಲೆ ಕೆರೆದುಕೊಂಡರು.

"ಯಾವುದು ಹೇಳಲಿ ಪೊರ್ಬುಗಳೇ? ಇವತ್ತಿನದ್ದಾ, ನಾಳೆಯದ್ದಾ?"